ಬಲಗಿವಿಗೆ ಕೆಂಪು, ಎಡಗಿವಿಗೆ ನೀಲಿ

ಭಾಂಡುಪ್ ರೈಲ್ವೆ ಸ್ಟೇಶನ್ನಿನ ಹಿಂದೆ ಸಾಲು ಕೋಣೆಗಳ ಒಂದು ಚಾಳು. ಅದರ ಎರಡನೆಯ ಮಾಳಿಗೆಯಲ್ಲಿ ಸೇವಂತಿಯ ಖೋಲಿ. ಹೋದ ವರ್ಷದವರೆಗೂ, ಅಂದರೆ 1957ರ ಮಳೆಗಾಲದವರೆಗೂ, ಅವಳನ್ನು ಕರೆಯಬೇಕೆಂದರೆ ಬಾಗಿಲಲ್ಲಿ ನಿಂತು ಮೂರು ಸಲ ಕೂಗಬೇಕಿತ್ತು. ಆಗಲೂ ತಿರುಗದಿದ್ದರೆ ಒಳಗೆ ಹೋಗಿ ಭುಜ ಮುಟ್ಟಬೇಕಿತ್ತು. ಪಕ್ಕದ ಖೋಲಿಯ ಸಿದ್ದರಾಮಪ್ಪನವರದೂ ಅದೇ ಕಥೆ. ಧಾರವಾಡ ಕಡೆಯವರಾದ ಅವರು ಮೂವತ್ತು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗಗಳ ಗದ್ದಲದ ನಡುವೆ ದುಡಿದು ನಿವೃತ್ತರಾಗಿದ್ದರು.

ಸೇವಂತಿ ಉಡುಪಿ ಕಡೆಯವಳು. ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳು. ಅಲ್ಲಿ ಕುದಿಯುವ ಪಾತ್ರೆ ಹಿಡಿದು ಬರುವವರು 'ಬಾಜೂ, ಬಾಜೂ' ಎನ್ನುತ್ತಲೇ ಬರುತ್ತಾರೆ, ಉಳಿದವರು ಸರಿಯುತ್ತಾರೆ. ಒಂದು ದಿನ ಸೇವಂತಿ ಸರಿಯಲಿಲ್ಲ. ಸಾರು ಅವಳ ಪಾದದ ಮೇಲೆ ಚೆಲ್ಲಿತು. ಗಾಯ ಮಾಯ್ದ ಮೇಲೆ ಕ್ಯಾಂಟೀನ್ ನಡೆಸುವ ಶೇಖರಣ್ಣ ಅವಳನ್ನು ಕೂರಿಸಿ, ಕಿವಿಗೆ ಏನಾದರೂ ದಾರಿ ಮಾಡಿಕೊಂಡು ಬಾ, ಇಲ್ಲವಾದರೆ ಒಲೆಯ ಬಳಿ ಬಿಡಲು ನನಗೆ ಧೈರ್ಯವಿಲ್ಲ ಎಂದರು. ಅವರು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಸೇವಂತಿಗೆ ಹೆಚ್ಚು ಹೆದರಿಕೆಯಾಯಿತು.

ಅದೇ ಚಾಳಿನ ವಿನೋದಿನಿ ಮುನಿಸಿಪಾಲಿಟಿ ದವಾಖಾನೆಯಲ್ಲಿ ಕೆಲಸ ಮಾಡುವ ಹುಡುಗಿ. ಅವಳು ಸೇವಂತಿಯನ್ನೂ ಸಿದ್ದರಾಮಪ್ಪನವರನ್ನೂ ಲೋಕಲ್ ರೈಲು ಹತ್ತಿಸಿ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಕಿವಿ ಪರೀಕ್ಷಿಸಿ ಇಬ್ಬರಿಗೂ ಒಂದೇ ತರಹದ ಕಿವಿಯ ಯಂತ್ರ ಕೊಡಿಸಿದರು. ಎದೆಯ ಮೇಲೆ ತೂಗುಹಾಕಿಕೊಳ್ಳುವ ಪುಟ್ಟ ಡಬ್ಬಿ, ಅದರಿಂದ ಒಂದು ತಂತಿ, ತಂತಿಯ ತುದಿಗೆ ಗುಂಡಿ. ಆ ಗುಂಡಿಗೆ ಸಿಕ್ಕಿಸಿ ಕಿವಿಯೊಳಗೆ ಕೂರಿಸಲು ಒಂದು ಅಚ್ಚು. ಅಚ್ಚನ್ನು ಮಾತ್ರ ಅವರವರ ಕಿವಿಯ ಅಳತೆ ತೆಗೆದೇ ಮಾಡಿದ್ದರು. ಸೇವಂತಿಯದು ಬಲಗಿವಿಗೆ, ಸಿದ್ದರಾಮಪ್ಪನವರದು ಎಡಗಿವಿಗೆ.

ಎಂಟು ದಿನ ಎಲ್ಲ ಚೆನ್ನಾಗಿತ್ತು. ಭಾನುವಾರ ಇಬ್ಬರೂ, ಆಸ್ಪತ್ರೆಯಲ್ಲಿ ಹೇಳಿದಂತೆ, ಅಚ್ಚುಗಳನ್ನು ಗುಂಡಿಯಿಂದ ಬಿಡಿಸಿ ಸೋಪಿನ ನೀರಿನಲ್ಲಿ ತೊಳೆದರು. ಸಿದ್ದರಾಮಪ್ಪನವರ ಹೆಂಡತಿ ರಾಚವ್ವ ಎರಡನ್ನೂ ಒಂದೇ ತಾಟಿನಲ್ಲಿಟ್ಟು ಗಾಳಿಗೆ ಆರಲು ಬಿಟ್ಟಳು. ಸಂಜೆ ಒಬ್ಬೊಬ್ಬರೂ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರು.

ಮರುದಿನದಿಂದ ಯಂತ್ರಗಳು ಕುಯ್ಯೆಂದು ಸಿಳ್ಳೆ ಹಾಕತೊಡಗಿದವು. ಕಿವಿ ನೋಯಿತು, ಮಾತು ಕೇಳಿಸಲಿಲ್ಲ. ಮೂರನೆಯ ದಿನ ಸಿದ್ದರಾಮಪ್ಪ ತಮ್ಮದನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದರು. ಸೇವಂತಿಯೂ ಕೆಲಸಕ್ಕೆ ಹೋಗಲಾರದೆ ಮನೆಯಲ್ಲೇ ಕುಳಿತಳು. ವಿಷಯ ತಿಳಿದು ವಿನೋದಿನಿ ಸೇವಂತಿಯನ್ನೂ ಕರೆದುಕೊಂಡು ಪಕ್ಕದ ಖೋಲಿಗೆ ಬಂದಾಗ ಸಿದ್ದರಾಮಪ್ಪ ಅವಳ ಮಾತಿಗೂ ಕಾಯಲಿಲ್ಲ.

"ಇದು ನಮ್ಮಂಥಾವ್ರಿಗಲ್ಲವ್ವಾ. ಸಿಳ್ಳ ಹೊಡಿತೈತಿ, ಕಿವಿ ಕಡಿತೈತಿ. ಇಬ್ಬರದೂ ತಗೊಂಡ ಹೋಗಿ ವಾಪಸ್ ಕೊಟ್ಟ ಬಾ."

ವಿನೋದಿನಿ ಪೆಟ್ಟಿಗೆಯ ಬೀಗ ತೆಗೆಸಿ, ಎರಡೂ ಅಚ್ಚುಗಳನ್ನು ಅಂಗೈಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಒಂದರ ಬಾಗು ಈ ಕಡೆಗೆ, ಇನ್ನೊಂದರದು ಆ ಕಡೆಗೆ, ಎಡಗಾಲು ಬಲಗಾಲಿನ ಚಪ್ಪಲಿಗಳ ಹಾಗೆ. ಅವಳು ಸಿದ್ದರಾಮಪ್ಪನವರ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು: "ಕಾಕಾ, ಮಶೀನು ಬರಾಬರ್ ಉಂಟು. ನಿಮ್ಮ ಹತ್ತಿರ ಇರುವ ಅಚ್ಚು ಸೇವಂತಿಯಕ್ಕನದ್ದು."

ರಾಚವ್ವ ಹಣೆ ಚಚ್ಚಿಕೊಂಡಳು. "ಇಬ್ಬರ ಕಿವೀನೂ ಒಂದ ತಾಟಿನ್ಯಾಗ ಇಟ್ಟಾಕಿ ನಾನ."

ವಿನೋದಿನಿ ಸೇವಂತಿಯ ಬಲಗಿವಿಗೆ ಸರಿಯಾದ ಅಚ್ಚು ಕೂರಿಸಿ ಡಬ್ಬಿಯ ಮೇಲಿನ ದನಿಯ ತಿರುಪನ್ನು ಮೆಲ್ಲನೆ ತಿರುಗಿಸಿದಳು. ಸಿಳ್ಳೆ ನಿಂತುಹೋಗಿತ್ತು. ಸೇವಂತಿ ಕಿಟಕಿಯಲ್ಲಿ ಕೂತಿದ್ದ ಪಾರಿವಾಳದ ಕಡೆಗೆ ತಿರುಗಿದಳು.

"ಎಂತ ಇದು, ಪಾರಿವಾಳ ಇಷ್ಟೆಲ್ಲ ಮಾತಾಡ್ತದಾ?" ಎಂದಳು. ಖೋಲಿಯಲ್ಲಿದ್ದವರೆಲ್ಲ ನಕ್ಕರು. ಆ ನಗುವೂ ಅವಳಿಗೆ ಕೇಳಿಸಿತು.

ಅಚ್ಚುಗಳ ಮೇಲೆ ಎಡಬಲದ ಗುರುತು ಇಲ್ಲದಿರಲಿಲ್ಲ. ಸೂಜಿಯಿಂದ ಗೀರಿದಂತೆ ಒಂದೊಂದು ಇಂಗ್ಲಿಷ್ ಅಕ್ಷರವಿತ್ತು. ಆದರೆ ಅದು ಸೇವಂತಿಯ ಕಣ್ಣಿಗಾಗಲಿ ಆ ದಂಪತಿಯ ಕಣ್ಣಿಗಾಗಲಿ ಬಿದ್ದಿರಲಿಲ್ಲ, ಬಿದ್ದಿದ್ದರೂ ಓದಲು ಬರುತ್ತಿರಲಿಲ್ಲ. ಇವತ್ತು ನೀನು ಸರಿ ಮಾಡಿದೆ, ಮುಂದಿನ ಭಾನುವಾರ ಮತ್ತೆ ಹೀಗೇ ಆಗುತ್ತದೆ ಎಂದು ಸಿದ್ದರಾಮಪ್ಪ ವಿನೋದಿನಿಯ ಮುಂದೆ ಗೊಣಗಿದರು. ಉತ್ತರ ಕೊಟ್ಟವಳು ರಾಚವ್ವ.

"ಬಣ್ಣಾ ಓದಾಕ ಸಾಲಿ ಕಲೀಬೇಕಾಗಿಲ್ಲ. ಬಲಗಿವಿದಕ್ಕ ಕೆಂಪು ಹಚ್ಚು, ಎಡಗಿವಿದಕ್ಕ ನೀಲಿ ಹಚ್ಚು. ಕೂಸಿಗೂ ತಿಳೀತೈತಿ."

ವಿನೋದಿನಿ ಮರುದಿನವೇ ಅಚ್ಚುಗಳನ್ನೂ ಡಬ್ಬಿಗಳನ್ನೂ ಆಸ್ಪತ್ರೆಗೆ ಒಯ್ದು ಈ ಮಾತು ತಿಳಿಸಿದಳು. ಡಾಕ್ಟರು ಸಂತೋಷದಿಂದ ಒಪ್ಪಿ, ಅಚ್ಚುಗಳ ಹೊರಮೈಗೆ ಕೆಂಪು, ನೀಲಿ ಬೊಟ್ಟು ಇಡಿಸಿದರು. ಡಬ್ಬಿಗೆ ಹಾಕುವ ಸೆಲ್ಲು ತಿರುವುಮುರುವಾಗದಂತೆ ಅದರೊಳಗೂ ಒಂದು ಬಿಳಿ ಬೊಟ್ಟು ಬಿತ್ತು. ಇತ್ತ ರಾಚವ್ವ ಡಬ್ಬಿಗಳಿಗೆ ಎರಡು ಚೀಲ ಹೊಲಿದಳು. ಗಂಡನದಕ್ಕೆ ನೀಲಿ ದಾರದಲ್ಲಿ ಗೋಪುರದ ಕಸೂತಿ. ಸೇವಂತಿ ತನಗೆ ಮೀನು ಬೇಕೆಂದಳು. ಮೀನು ಮುಟ್ಟದ ರಾಚವ್ವ ನಗುತ್ತಲೇ ಕೆಂಪು ದಾರದಲ್ಲಿ ಮೀನು ತೆಗೆದಳು, ಅದಕ್ಕೆ ಬಾಲ ಎಲ್ಲಿ ಬರುತ್ತದೆಂದು ಎರಡು ಸಲ ಕೇಳಿಕೊಂಡು.

ಸೇವಂತಿ ಮತ್ತೆ ಕ್ಯಾಂಟೀನಿಗೆ ಹೋದಳು. ಶೇಖರಣ್ಣ ಮೊದಲ ದಿನ ಅವಳ ಪಕ್ಕದಲ್ಲೇ ನಿಂತಿದ್ದರು. ಹಿಂದಿನಿಂದ 'ಬಾಜೂ' ಎಂಬ ದನಿ ಬಂದದ್ದೇ ತಡ, ತಿರುಗಿಯೂ ನೋಡದೆ ಅವಳು ಗೋಡೆಗೆ ಸರಿದಳು. ಶೇಖರಣ್ಣನೇ ಸರಿಯಲು ಮರೆತಿದ್ದರು. ಅವಳು ಅವರ ತೋಳು ಹಿಡಿದು ಎಳೆದಳು. ನಾಳೆಯಿಂದ ತಾನು ಇಲ್ಲಿ ನಿಲ್ಲಬೇಕಾಗಿಲ್ಲ ಎಂದು ಅವರು ಗಲ್ಲಾಪೆಟ್ಟಿಗೆಯ ಕಡೆಗೆ ನಡೆದರು.

ಸಿದ್ದರಾಮಪ್ಪನವರ ಯಂತ್ರವೂ ಮತ್ತೆ ಪೆಟ್ಟಿಗೆ ಸೇರಲಿಲ್ಲ. ಒಂದು ಬೆಳಿಗ್ಗೆ ರಾಚವ್ವ ಒಳಗೆ ಚಹಾ ಕುದಿಸುತ್ತ, ಈ ಮನುಷ್ಯನಿಗೆ ಸಕ್ಕರೆ ಎಷ್ಟು ಹಾಕಿದರೂ ಸಾಲದು ಎಂದು ತನ್ನಷ್ಟಕ್ಕೆ ಗೊಣಗಿದಳು. "ಒಂದ ಚಮಚಾ ಕಮ್ಮಿ ಹಾಕು ಹಂಗಾರ" ಎಂದು ಹೊರಗಿನ ಗ್ಯಾಲರಿಯಿಂದ ಉತ್ತರ ಬಂತು. ಈಗ ಗೊಣಗಬೇಕಾದರೆ ಕೆಳಗಿನ ನಲ್ಲಿಯ ತನಕ ಹೋಗಬೇಕಾಗಿದೆ ಎಂದು ಅವಳು ಸೇವಂತಿಯ ಹತ್ತಿರ ದೂರುತ್ತಾಳೆ. ದೂರುವಾಗ ಅವಳ ಮುಖ ಅರಳಿರುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕಿವಿ ಮಂದವಾದವರು ಇರಬಹುದು. ವಯಸ್ಸಾಯಿತೆಂದು ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ. ಯಂತ್ರ ಕೊಟ್ಟರೆ, ಇದು ಯಾವ ಕಿವಿಯದು ಎಂದು ಅಲ್ಲೇ ಕೇಳಿ ಬಣ್ಣದ ಗುರುತು ಹಾಕಿಸಿಕೊಳ್ಳಿ. ಒಬ್ಬರ ಅಚ್ಚನ್ನು ಇನ್ನೊಬ್ಬರು ಹಾಕಿಕೊಳ್ಳಬೇಡಿ. ತೊಳೆಯುವಾಗ ಡಬ್ಬಿಗೂ ಗುಂಡಿಗೂ ನೀರು ತಾಗಿಸಬೇಡಿ. ಸಿಳ್ಳೆ ಹಾಕಿದರೆ, ನೋಯಿಸಿದರೆ, ಪೆಟ್ಟಿಗೆಗೆ ಸೇರಿಸುವ ಮೊದಲು ಒಮ್ಮೆ ಬಣ್ಣ ನೋಡಿ. ಬಣ್ಣ ಸರಿಯಿದ್ದೂ ತೊಂದರೆಯಿದ್ದರೆ ಆಸ್ಪತ್ರೆಗೆ ಹೋಗಿ ತೋರಿಸಿ. ನಿಮ್ಮ ಮನೆಯ ಹಿರಿಯರಿಗೆ ಹೇಳಬೇಕಾದ ಮಾತು ಎಷ್ಟೋ ಉಳಿದಿರಬಹುದು, ಅವರು ಕೇಳಿಸಿಕೊಳ್ಳಲಿ.