ವೈತರಣಿಯ ನಡುನೀರು

ಬಾಗಿಲಲ್ಲಿ ನಿಂತವನನ್ನು ನೋಡಿ ಕಾವ್ಯ ಅರೆಗಳಿಗೆ ಗುರುಸಿದ್ದನೇ ಬಂದನೆಂದುಕೊಂಡಳು. ಅದೇ ಅಗಲ ಹಣೆ, ಅದೇ ನಿಲುವು. ಆದರೆ ಇವನು ಗುರುಸಿದ್ದನ ತಮ್ಮ ನೀಲಕಂಠ. ಮುಧೋಳ ರಸ್ತೆಯಲ್ಲಿ ಹಿಂಬದಿಯ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಬೈಕು ಬಡಿದು ಗುರುಸಿದ್ದ ತೀರಿಕೊಂಡು ಆಗಲೇ ತಿಂಗಳಾಗಿತ್ತು.

“ಗೊಂಬಿ ಕೊಡ್ರಿ ಅಕ್ಕಾರ. ಒಯ್ಯಾಕ ಬಂದೇನಿ,” ಅಂದ ನೀಲಕಂಠ.

ಯಾವ ಗೊಂಬೆ ಎಂದು ಒಳಗಿದ್ದ ಮೂವರಿಗೂ ಗೊತ್ತಿತ್ತು. ಜಮಖಂಡಿಯ ಆ ಮಹಡಿಯ ಕೋಣೆಯಲ್ಲಿ, ಮೇಜಿನ ಮೇಲೆ ಹಾಸಿದ ನಕಾಶೆಯ ನಟ್ಟನಡುವೆ, ಹೆಬ್ಬೆರಳೆತ್ತರದ ವೀರನೊಬ್ಬ ಕಪ್ಪು ಹೊಳೆಯಲ್ಲಿ ನಿಂತಿದ್ದ. ಹೆಸರು ವಜ್ರಬಾಹು.

ಎರಡು ವರ್ಷದಿಂದ ರವಿವಾರ ಮಧ್ಯಾಹ್ನ ನಾಲ್ವರು ಗೆಳೆಯರು ಇಲ್ಲಿ ಸೇರಿ ಆಡುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳುವ ಕಾವ್ಯ ಆಟ ನಡೆಸುವವಳು. ಪುರಾಣದ ಲೋಕಗಳನ್ನು ತನಗೆ ಬೇಕಾದಂತೆ ಹೆಣೆದು ಉಳಿದವರ ಮುಂದೆ ಹರಡುತ್ತಿದ್ದಳು. ಅವರು ತಲಾ ಒಬ್ಬ ವೀರನ ಪಾತ್ರ ವಹಿಸಿ, ತಾವೇನು ಮಾಡುತ್ತೇವೆಂದು ಹೇಳಿ, ಇಪ್ಪತ್ತು ಮುಖದ ದಾಳ ಉರುಳಿಸುವರು. ಬೇಕಾದಷ್ಟು ಬಿದ್ದರೆ ಗೆಲುವು, ಬೀಳದಿದ್ದರೆ ಪೆಟ್ಟು. ವಜ್ರಬಾಹು ಗುರುಸಿದ್ದನ ವೀರ. ಕೊನೆಯ ಆಟದಲ್ಲಿ ಮೂವರು ವೀರರೂ ಯಮಪುರಿಯಿಂದ ತಪ್ಪಿಸಿಕೊಂಡು, ಒಂದೇ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ವೈತರಣಿಗೆ ಇಳಿದಿದ್ದರು. ಇಬ್ಬರು ಈಚೆ ದಂಡೆ ಮುಟ್ಟಿದ್ದರು. ವಜ್ರಬಾಹು ನಡುನೀರಿನಲ್ಲಿದ್ದಾಗ ಆಟ ನಿಂತಿತ್ತು.

“ಯಾಕ ಬೇಕಾತು?” ಆಟದ ಜೊತೆಗಾತಿ ರಸಿಕಾ ಮೆಲ್ಲಗೆ ಕೇಳಿದಳು. ಕೋರ್ಟಿನಲ್ಲಿ ಎಂಥವರನ್ನೂ ಮಾತಿಗೆಳೆಯುವ ವಕೀಲೆ ಅವಳು.

“ಅವ್ವ ನಿದ್ದಿ ಮಾಡವಲ್ಲಳು. ಅಣ್ಣ ಅಕಿಗೆ ಈ ಆಟದ ಕತಿ ಎಲ್ಲಾ ಹೇಳತಿದ್ದ. ನಮ್ಮ ಲಿಂಗವಂತ ಮಂದಿಗೆ ಯಮನ ಹಂಗಿಲ್ಲ, ನಾವು ಶಿವನ ಪಾದಕ್ಕ ಹೋಗಾವ್ರು, ನನ್ನ ಮಗನ್ನ ಯಮನ ಹೊಳ್ಯಾಗ ಯಾಕ ನಿಂದ್ರಿಸ್ಯಾರ ಅಂತಾಳ. ಗೊಂಬಿ ಸುಟ್ಟು ಬಾ ಅಂದಾಳ.”

ಆ ಗೊಂಬೆಗೆ ಬಣ್ಣ ಬಳಿದಿದ್ದ ಇನ್ನೊಬ್ಬ ಆಟಗಾರ ಅಮೋಲ ತಲೆ ತಗ್ಗಿಸಿದ. ಬನಹಟ್ಟಿಯಲ್ಲಿ ಸೀರೆಗಳ ಡಿಸೈನ್ ಬರೆಯುವವನು ಅವನು. ಕಾವ್ಯ ಗೊಂಬೆಯತ್ತ ಕೈ ಚಾಚಿದಳು.

“ತಡೀರಿ,” ಅಂದ ನೀಲಕಂಠ. “ಸುಟ್ಟರ ಅಂವಾ ಅಲ್ಲೇ ಉಳದಂಗ ಆತಲ್ಲ?” ಅಣ್ಣನ ಕುರ್ಚಿಯನ್ನೇ ಎಳೆದುಕೊಂಡು ಕುಳಿತ. “ನಾ ಹೊರಗ ತರ್ತೇನಿ. ಹೆಂಗ ಆಡೂದು ಹೇಳ್ರಿ.”

ಕಾವ್ಯ ವಜ್ರಬಾಹುವಿಗೆಂದು ಒಂದು ವೀರಮರಣ ಯೋಚಿಸಿಟ್ಟಿದ್ದಳು. ಈಗ ಅದನ್ನು ಕೈಬಿಟ್ಟಳು. ದಾಳವನ್ನು ತನ್ನ ಮುಂದೆ ಅಡ್ಡ ನಿಲ್ಲಿಸಿದ್ದ ರಟ್ಟಿನ ಮರೆಯಲ್ಲಿ ತಾನೇ ಉರುಳಿಸಿ, ನೀ ಗೆದ್ದೆ ಎಂದುಬಿಟ್ಟರಾಯಿತು ಅಂದುಕೊಂಡಳು. ಕೈ ಅತ್ತ ಹೋಗುವುದನ್ನು ನೀಲಕಂಠ ಕಂಡ.

“ಮರಿಯಾಗ ಬ್ಯಾಡ್ರಿ. ಎಲ್ಲಾರ ಮುಂದ ನಾನ ಒಗೀತೇನಿ. ಸುಳ್ಳ ಹೊತಗೊಂಡು ಅವ್ವನ ಮುಂದ ನಿಂದ್ರಾಕ ಆಗೂದಿಲ್ಲ ನನಗ.”

ಕಾವ್ಯ ಶುರು ಮಾಡಿದಳು. “ನೀರು ಎದಿ ಮಟ್ಟ ಬಂದೈತಿ. ಹಿಂದ ಯಮನ ಭಟರು. ಈ ದಂಡಿ ಬದುಕಿದಾವ್ರದು, ಆ ದಂಡಿ ಯಮಂದು. ಯಾವ ಕಡೆ ಹೋಗ್ತೀ?”

ನೀಲಕಂಠ ನಕಾಶೆಯ ಹೊಳೆಯ ಗುಂಟ ಮೇಲಕ್ಕೆ ಬೆರಳು ಸರಿಸಿದ.

“ಈ ದಂಡಿಗೆ ಬಂದರೂ ಅಂವಾ ಮನಿಗೆ ಬರೂದಿಲ್ಲಲ್ರಿ,” ಅಂದ. “ಈ ಹೊಳಿ ಎಲ್ಲಿಂದ ಹರದ ಬರತೈತಿ?”

ಕಾವ್ಯ ತಬ್ಬಿಬ್ಬಾದಳು. ಅದನ್ನು ಅವಳು ಯೋಚಿಸಿಯೇ ಇರಲಿಲ್ಲ.

“ಹೊಳಿ ಅಂದಮ್ಯಾಲ ಮ್ಯಾಲ ಒಂದು ಗುಡ್ಡ ಇರಬೇಕು. ಗುಡ್ಡದ ತುದಿಗೆ ಶಿವ ಇರಬೇಕು. ನಾ ಹಗ್ಗ ಬಿಚ್ಚಿ ಸೆಳವಿಗೆ ಎದುರು ಈಸತೇನಿ.”

ಹತ್ತು ಬಿದ್ದರೆ ಸಾಕು ಎಂದು ಅವಳು ಹೇಳಬಹುದಿತ್ತು. ಸುಳ್ಳು ಬೇಡವೆಂದವನ ಮುಖ ನೋಡಿ ಹೇಳಲಾಗಲಿಲ್ಲ. “ಹದಿನೆಂಟು ಬೇಕು. ಒಂದ ಸಲ ಒಗಿಯೂದು. ಕಡಿಮಿ ಬಿದ್ದರ ಮುಳುಗತಾನ.”

ದಾಳವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನೀಲಕಂಠ ಎಸೆದ. ಅದು ಮೇಜಿನಿಂದ ಪುಟಿದು ಮಂಚದ ಕೆಳಗೆ ಹೋಯಿತು. ಅಮೋಲ ಮೊಣಕಾಲೂರಿ ಬಗ್ಗಿದವನೇ ಕೂಗಿದ, “ಹತ್ತೊಂಬತ್ತು!”

ನೀಲಕಂಠನ ಮುಖ ಅರಳಿತು. ಕಾವ್ಯ ಮಾತ್ರ ಅಡ್ಡಡ್ಡ ತಲೆಯಾಡಿಸಿದಳು.

“ಏನಾತ್ರಿ?”

“ನೆಲಕ್ಕ ಬಿದ್ದದ್ದು ಲೆಕ್ಕಕ್ಕ ಹಿಡಿಯಂಗಿಲ್ಲ,” ಅಂದಳು. “ನಿಮ್ಮಣ್ಣ ಮಾಡಿದ ನೇಮ.”

“ಇವತ್ತೊಂದಿನ ಬಿಡಲೇ ಕಾವ್ಯಾ!” ಅಮೋಲ ಸಿಡುಕಿದ.

“ಅಣ್ಣ ಇದ್ದರ ಬಿಡತಿದ್ದನೇನ್ರಿ?” ನೀಲಕಂಠ ಕೇಳಿದ. ಅವನು ಅಂಗೈ ಚಾಚಿದ. ಅಮೋಲ ದಾಳವನ್ನು ಅದರಲ್ಲಿಟ್ಟ.

ಈ ಸಲ ದಾಳ ಮೇಜಿನ ಮೇಲೇ ಉರುಳಿ ನಿಂತಿತು. ಹನ್ನೆರಡು.

ಈಗ ಮುಳುಗಿದನೆಂದು ಹೇಳಬೇಕು, ತಾನೇ ಹೇಳಬೇಕು. ಕಾವ್ಯ ಬಾಯಿ ತೆರೆದಳು.

“ತಡಿ,” ಅಂದಳು ರಸಿಕಾ. “ಹಗ್ಗದ ಆ ಕಡೆ ಗಂಟು ಅಂವಾ ಬಿಚ್ಯಾನ, ಖರೆ. ಈ ಕಡೆ ಗಂಟು ನಾ ಬಿಚ್ಚಿಲ್ಲ. ಹಗ್ಗ ಹಿಡಕೊಂಡು ಮತ್ತ ಹೊಳ್ಯಾಗ ಇಳೀತೇನಿ. ಅವನಿಗೆ ಹೆಗಲು ಕೊಡ್ತೇನಿ.”

ಒಬ್ಬರು ಹೆಗಲು ಕೊಟ್ಟರೆ ಮೂರು ಕೂಡುತ್ತಿತ್ತು. ಆ ನೇಮವೂ ಹಳೆಯದೇ.

“ರಸಿಕಾ, ದಂಡಿ ಮುಟ್ಟಿದಾವ್ರು ಮತ್ತ ಇಳಿದರ ಹೊಳ್ಳಿ ಬರೂದಿಲ್ಲ. ಎರಡ ವರ್ಷ ಬೆಳಸೀದಿ ನಿನ್ನ ವೀರನಾರಿನ್ನ.”

“ಗೊತ್ತೈತಿ.” ರಸಿಕಾ ತನ್ನ ಗೊಂಬೆಯನ್ನೆತ್ತಿ ನೀರಿನಲ್ಲಿಟ್ಟಳು. ಹದಿನೈದು.

ಅಮೋಲನೂ ತನ್ನದನ್ನು ಅದರ ಪಕ್ಕಕ್ಕೆ ಸರಿಸಿದ.

ಹದಿನೆಂಟು.

ಕಾವ್ಯ ಹೇಳತೊಡಗಿದಳು. ಮೂವರೂ ಸೆಳವಿಗೆದುರಾಗಿ ಈಸಿದ್ದು, ಕಪ್ಪು ನೀರು ಬರಬರುತ್ತ ತಿಳಿಯಾದದ್ದು, ತಣ್ಣಗಾದದ್ದು, ಕಾಲಿಗೆ ಕಲ್ಲು ಸಿಕ್ಕಿದ್ದು, ಮೇಲೆಲ್ಲೋ ಗಂಟೆಯ ದನಿ ಕೇಳಿದ್ದು. ಅಷ್ಟು ಹೇಳಿ ಮೂರೂ ಗೊಂಬೆಗಳನ್ನು ನೀರಿನಿಂದ ಎತ್ತಿದಳು.

ನೀಲಕಂಠ ಹುನ್ನೂರಿನ ಮನೆಗೆ ಫೋನು ಹಚ್ಚಿದ. ಅವ್ವ ಅನಸವ್ವ ಕೇಳಿದ್ದು ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. “ಹೊರಗ ಬಂದನೇನೋ?”

“ಬಂದ ಬೇ ಯವ್ವಾ. ಶಿವನ ಗುಡ್ಡಕ್ಕ ಹತ್ತಿದ. ಒಬ್ಬನ ಹೋಗಿಲ್ಲ, ಜೋಡಿಗೆ ಇಬ್ಬರು ಅದಾರ.”

“ಯಾರ್ಯಾರಪಾ?”

ನೀಲಕಂಠ ಫೋನನ್ನು ರಸಿಕಾಳ ಕೈಗೆ ಕೊಟ್ಟು, ಮೇಜಿಗೆ ತಲೆಯಿಟ್ಟು ಅಳತೊಡಗಿದ.

“ಅವ್ವಾರ, ನಾ ರಸಿಕಾ ರೀ. ಜೋಡಿಗೆ ಹೋದ ಇಬ್ಬರಾಗ ನಾ ಒಬ್ಬಾಕಿ,” ಎನ್ನುತ್ತ ಅವಳು ಕಿಟಕಿಯ ಬಳಿ ಹೋಗಿ ನಿಂತಳು.