ಗೀಸರಿಗೆ ಹೊಲಿದ ಕೋಟು

ಕಾಜದೊಳಗೆ ಬಿಳಿ ಕಾಣುತ್ತಿದೆ, ಕೆಂಪು ದೀಪ ಕಾಣಬೇಕಿತ್ತು — ಟೈಲರ್ ಮಾಸ್ಟ್ರು ಬಚ್ಚಲಿನ ಸ್ಟೂಲಿನ ಮೇಲೆ ನಿಂತು ಕನ್ನಡಕ ಹಣೆಗೇರಿಸಿದರು, ಮೂಗಿಗಿಳಿಸಿದರು, ಬಿಳಿಯೇ, ಗೀಸರಿನ ತಗಡಿನ ಬಿಳಿ. ದೀಪ ಎಲ್ಲಿ ಹೋಯಿತು, ಗೋಡೆಗೆ ನೇತುಹಾಕಿದ ಗೀಸರಿನ ದೀಪಕ್ಕೇನು ಕಾಲು ಬರುತ್ತದೆಯೇ, ಬೆಳಿಗ್ಗೆ ಟೇಪು ಹಿಡಿದಾಗ ಇಲ್ಲೇ ಇತ್ತು, ನಡುವಿನಿಂದ ಎಡಕ್ಕೆ ನಾಲ್ಕು ಬೆರಳು, ಕೆಳಗಿನಿಂದ ಒಂದು ಗೇಣು, ನಲವತ್ತು ವರ್ಷ ಊರಿನವರ ಹೊಟ್ಟೆಯೆಲ್ಲ ಅಳೆದವರಿಗೆ ಗೀಸರಿನ ಹೊಟ್ಟೆ ಯಾವ ಮಹಾ. ಚಳಿ ಶುರುವಾಯ್ತಲ್ಲ ಮಾಸ್ಟ್ರೇ, ಇದಕ್ಕೊಂದು ದಪ್ಪ ಹೊದಿಕೆ ಹಾಕಿಬಿಡಿ ಅಂದಿದ್ದ ಪ್ಲಂಬರು, ಬಿಸಿ ಒಳಗೇ ನಿಲ್ಲುತ್ತೆ, ಹತ್ತು ನಿಮಿಷ ಹಾಕಿ ಆಫ್ ಮಾಡಿದ್ರೂ ಮಧ್ಯಾಹ್ನದವರೆಗೆ ನೀರು ಬೆಚ್ಚಗಿರುತ್ತೆ, ದೀಪ ಮಾತ್ರ ಮುಚ್ಚಬೇಡಿ. ಹೊದಿಕೆ ಯಾಕೆ, ಮಾಸ್ಟ್ರು ಕೋಟನ್ನೇ ಹೊಲಿದರು, ಬೂದು ಬಣ್ಣದ ದಪ್ಪ ಬಟ್ಟೆ, ಒಳಗೆ ಸ್ಪಂಜು, ದೀಪ ಕಾಣಲೆಂದು ದುಂಡನೆಯ ಒಂದು ಕಾಜ, ಅದರ ಅಂಚಿಗೆ ರೇಷ್ಮೆ ದಾರ — ಅಂಥ ಕಾಜ ಮದುವೆ ಗಂಡಿನ ಕೋಟಿಗೂ ಹಾಕಿದವರಲ್ಲ — ಆಮೇಲೆ ಗೀಸರಿಗೆ ತೊಡಿಸಿ, ಜೋಡುದಾರದಲ್ಲಿ ಅಲ್ಲೇ ಹೊಲಿದು ಬಿಗಿದರು. ಈಗ ಗೀಸರು ಆನ್ ಇದೆಯೋ ಆಫ್ ಆಗಿದೆಯೋ ಗೊತ್ತಾಗುತ್ತಿಲ್ಲ.

ಆಫ್ ಮಾಡಿದೆನಲ್ಲ, ಟಕ್ ಅಂದದ್ದು ನೆನಪಿದೆ, ಆದರೆ ಆ ಟಕ್ ಇವತ್ತಿನದೋ ನಿನ್ನೆಯದೋ, ಆನ್ ಮಾಡಿದರೂ ಟಕ್ಕೇ ಅಲ್ಲವೇ. ಸ್ವಿಚ್ಚು ನೋಡಿದರಾಯಿತು ಅಂದುಕೊಂಡು ಇಳಿದರು, ನೋಡಿದರು, ಮೇಲಕ್ಕಿದೆ — ಮೇಲಕ್ಕಿದ್ದರೆ ಏನು, ನಮ್ಮನೆ ಸ್ವಿಚ್ಚು ನಿಮ್ಮ ಹಾಗೇ ರೀ, ತಲೆಕೆಳಗು, ಅಂತ ಹೆಂಡತಿ ನಗುತ್ತಿದ್ದಳು, ಆ ಪ್ಲಂಬರು ಹೋದ ವಾರ ಬೋರ್ಡು ಬಿಚ್ಚಿ ಕೂತಿದ್ದ, ನೆಟ್ಟಗೆ ಮಾಡಿ ಹೋದನೋ ಇದ್ದ ಹಾಗೇ ಮುಚ್ಚಿದನೋ, ಹಾಳು ತಲೆ, ಬೇಡದ್ದೆಲ್ಲ ಇಟ್ಟುಕೊಳ್ಳುತ್ತದೆ, ಬೇಕಾದದ್ದನ್ನು ಸೋರಿಸುತ್ತದೆ. ಒಂದು ಸಲ ಒತ್ತಿದರೆ ಇದ್ದದ್ದು ಹೋಗುತ್ತದೆ, ಇಲ್ಲದ್ದು ಬರುತ್ತದೆ, ಯಾವುದು ಯಾವುದೆಂದು ಹೇಳುವುದು ಆ ಕೆಂಪು ದೀಪ ಒಂದೇ. ಕಿವಿಗೊಟ್ಟರು, ಗುಂಯ್ ಅನ್ನುತ್ತಿದೆ, ಅದು ಗೀಸರಿನದೋ ಕಿವಿಯೊಳಗೇ ಉಳಿದ ಹೊಲಿಗೆ ಯಂತ್ರದ್ದೋ. ಹೋದ ತಿಂಗಳೂ ಹೀಗೇ, ತಾನು ಆಫ್ ಮಾಡಲು ಮರೆತು ಇಡೀ ದಿನ ಉರಿದಿತ್ತು, ಹೆಂಡತಿ ಪಾಪ ನಲ್ಲಿ ತಿರುಗಿಸಿ ಕೈಯೊಡ್ಡಿದಳು, ಮಣಿಕಟ್ಟಿನ ಮೇಲೆ ಕೆಂಪು, ಕೋಟಿನ ಗುಂಡಿಯಷ್ಟಗಲ ಕೆಂಪು, ಏನಿಲ್ಲ ಬಿಡ್ರೀ ಅಂದಳು, ಹಲ್ಲು ಕಚ್ಚಿಕೊಂಡು. ಅದು ಮೂರನೇ ಸಲ. ಮಗಳು ಬಂದು ಕರೆದುಕೊಂಡು ಹೋದಳು, ತಿಂಗಳಾಯಿತು, ನಿನ್ನೆ ಫೋನಿನಲ್ಲಿ, ನಾಳೆ ಹನ್ನೊಂದಕ್ಕೆ ಅಮ್ಮನ್ನ ಬಿಡ್ತೀನಪ್ಪ, ಆದ್ರೆ ಗೀಸರ್ ಉರೀತಾ ಇದ್ರೆ ಚಪ್ಪಲೀನೂ ಬಿಡಿಸಲ್ಲ, ಬಾಗಿಲಿಂದಲೇ ವಾಪಸ್, ಆಮೇಲೆ ಅವಳು ನನ್ನ ಹತ್ತಿರಾನೇ. ಹಿಂದಿನಿಂದ ಹೆಂಡತಿಯ ದನಿ, ರೀ ಸುಮ್ನೆ ಹೂಂ ಅನ್ನಿ, ನಂಗೂ ಇಲ್ಲಿ ಸಾಕಾಗಿದೆ. ಮಾಸ್ಟ್ರು ಹೂಂ ಅಂದಿದ್ದರು. ಅವಳಿಲ್ಲದ ಮನೆಯಲ್ಲಿ ಒಂದು ತಿಂಗಳು ಇರುವುದಕ್ಕೇ ಅವರಿಗೆ ಸಾಕುಬೇಕಾಗಿತ್ತು.

ಮತ್ತೆ ಸ್ಟೂಲು ಹತ್ತಿದರು, ಎಡಕ್ಕೆ ನಾಲ್ಕು ಬೆರಳು, ಎಡಗೈ ಯಾವುದು, ಸೂಜಿ ದಾರ ಹಿಡಿಯುವುದು ಬಲಗೈ, ಹಾಗಾದರೆ ಇದು ಎಡ, ಹಾಗಾದರೆ ಈ ಕಾಜ — ಬಲಕ್ಕಿದೆ. ಬಲಕ್ಕೇಕೆ ಬಂತು. ಅಯ್ಯೋ, ಸೀಮೆಸುಣ್ಣದ ಗುರುತು ಬಟ್ಟೆಯ ಒಳಮೈಗಲ್ಲವೇ ಹಾಕುವುದು, ಹೊರಮೈಗೆ ಗೀಚಿದರೆ ಅಂಗಡಿಯ ಹುಡುಗರಿಗೆ ತಲೆಯ ಮೇಲೊಂದು ಬಿಡುತ್ತಿದ್ದ ಮನುಷ್ಯ ತಾನು, ಅಭ್ಯಾಸಬಲದಲ್ಲಿ ಒಳಮೈಗೇ ಎಡಕ್ಕೆ ಗುರುತಿಟ್ಟು ಕತ್ತರಿಸಿದ್ದಾಯಿತು, ತಿರುವಿ ತೊಡಿಸಿದಾಗ ಎಡ ಬಲವಾಯಿತು, ದೀಪ ಅಲ್ಲೇ ಇದೆ, ಬಟ್ಟೆಯ ಕೆಳಗೆ, ಉರಿಯುತ್ತಲೋ ಆರಿಯೋ. ಗಂಟೆ ಹೊಡೆದದ್ದು ಗೋಡೆಯದೋ ಬಾಗಿಲಿನದೋ — ಬಾಗಿಲಿನದು, ಮಗಳ ಹತ್ತಿರ ಬೀಗದ ಕೈ ಇದೆ, ತಿರುಗುತ್ತಿದೆ, ಅಪ್ಪ ಎಲ್ಲಿದ್ದೀಯ, ಬಚ್ಚಲಲ್ಲೇನು ಮಾಡ್ತಿದ್ದೀಯ, ಗೀಸರ್ ಆಫ್ ಇದೆ ತಾನೇ. ಹೂಂ ಅನ್ನಲೇ, ನಿನ್ನೆಯಂತೆ ಹೂಂ ಅಂದುಬಿಡಲೇ, ಆದರೆ ಹೆಂಡತಿ ಬಂದವಳೇ ಕೈ ತೊಳೆಯುತ್ತಾಳೆ, ಇದೇ ನಲ್ಲಿ, ಅದೇ ಮಣಿಕಟ್ಟು — ಮಾಸ್ಟ್ರು ಕತ್ತರಿ ಎತ್ತಿದರು, ಅಳತೆಯಿಲ್ಲ, ಗೆರೆಯಿಲ್ಲ, ಬಟ್ಟೆಗೆ ಚುಚ್ಚಿ ಎಳೆದರು, ಸ್ಪಂಜು ಕಿತ್ತರು, ಮಗಳು ಬಚ್ಚಲ ಬಾಗಿಲಲ್ಲಿ ನಿಂತಿದ್ದಾಳೆ, ನೋಡುತ್ತಿದ್ದಾಳೆ, ಆಮೇಲೆ ಮೆಲ್ಲಗೆ, ಅಮ್ಮ, ಚಪ್ಪಲಿ ಬಿಡಬೇಡ. ಹೊಸ್ತಿಲಿನಿಂದ ಹೆಂಡತಿಯ ದನಿ, ಒಂದು ಬಿಟ್ಟಾಯ್ತಲ್ಲೇ. ಹರಿದ ಬಟ್ಟೆಯೊಳಗೆ ದೀಪ ಉರಿಯುತ್ತಿದೆ, ಕೆಂಪು, ಗುಂಡಿಯಷ್ಟಗಲ, ಕೆಂಪು —