ಎಂಜಲು ತಟ್ಟೆಯ ಸಾಕ್ಷಿ

ಆ ಮಾಲಿನಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ತಿಳಿಯಬೇಕಾದರೆ ಗೋಡೆಯ ಮೇಲಿನ ಬಣ್ಣದ ಚಿತ್ರಗಳನ್ನು ನಂಬಿ ಕೆಡಬಾರದು, ತಟ್ಟೆಯಕ್ಕನನ್ನು ಕೇಳಬೇಕು. ನಾಲ್ಕನೇ ಮಹಡಿಯಲ್ಲಿ ಸಾಲಾಗಿ ಹನ್ನೆರಡು ಊಟದಂಗಡಿಗಳು. ಅವುಗಳ ಹಿಂದೆ, ಗಿರಾಕಿಗಳ ಕಣ್ಣಿಗೆ ಬೀಳದ ಉದ್ದನೆಯ ಕೋಣೆಯಲ್ಲಿ, ಹನ್ನೆರಡೂ ಅಂಗಡಿಗಳ ಎಂಜಲು ತಟ್ಟೆಗಳು ಅವಳ ಮುಂದೆಯೇ ಬಂದು ಬೀಳುತ್ತಿದ್ದವು. ಯಾವುದು ಯಾರದೆಂದು ಗೊತ್ತಾಗಲು ಅಂಚಿಗೆ ಒಂದೊಂದು ಬಣ್ಣದ ಗೆರೆ. ಒಂಬತ್ತು ವರ್ಷ ತಟ್ಟೆ ಕೆರೆದವಳಿಗೆ ಅಡುಗೆಯ ಹಣೆಬರಹ ಓದಲು ನಾಲಗೆಯೇ ಬೇಕಿರಲಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ನೋಡಿ. ಎಸ್ಕಲೇಟರ್ ಮುಗಿಯುತ್ತಿದ್ದಂತೆ ಎದುರಾಗುವ, ದೀಪ ಹಾಕಿ ಜಗಜಗಿಸುವ ಅಂಗಡಿಯ ತಟ್ಟೆಗಳು ಅರ್ಧ ತುಂಬಿಕೊಂಡೇ ವಾಪಸಾಗುತ್ತಿದ್ದವು. ಜನ ಫೋಟೊ ಹೊಡೆದುಕೊಂಡು, ಎರಡು ತುತ್ತು ಕೆದಕಿ, ಎದ್ದುಹೋಗುತ್ತಿದ್ದರು. ಅದೇ, ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ, ದಪ್ಪ ಕಂಬದ ಮರೆಯ ಮೂಲೆಯಲ್ಲಿದ್ದ ಹನ್ನೆರಡನೇ ಅಂಗಡಿಯ ಹಳದಿ ಗೆರೆಯ ತಟ್ಟೆಗಳು ನೆಕ್ಕಿ ಇಟ್ಟ ಹಾಗೆ ಬರುತ್ತಿದ್ದವು.

ಮೊದಮೊದಲು ಅದನ್ನು ನೋಡಿ ತಟ್ಟೆಯಕ್ಕ ಮೂಗು ಮುರಿದಿದ್ದಳು. ಜಿಪುಣಿ ಇರಬೇಕು, ಚಮಚದ ಲೆಕ್ಕದಲ್ಲಿ ಬಡಿಸುತ್ತಾಳೆ ಎಂದುಕೊಂಡು ನೋಡಲು ಹೋದರೆ, ಅಲ್ಲಿ ಅಂಗಡಿಯಾಕೆ, ಎಲ್ಲರೂ ಮೂಲೆಯವಳು ಎನ್ನುತ್ತಿದ್ದವಳು, ಸೌಟಿನ ಮೇಲೆ ಸೌಟು ಸುರಿಯುತ್ತಿದ್ದಳು. ತರಕಾರಿ ಸೂಪು, ಬೆಣ್ಣೆ ಕಲಸಿದ ಅನ್ನ, ಕಾವಲಿಯ ಮೇಲೆ ಕಾಯಿಸಿದ ಬ್ರೆಡ್ಡು, ಇಷ್ಟೇ ಅವಳು ಮಾಡುತ್ತಿದ್ದುದು. "ನಿಂತ್ಕೊಂಡು ಏನ್ ನೋಡ್ತೀಯ ಅಕ್ಕಾ, ಕೂತ್ಕೊಂಡು ತಿನ್ನು" ಎಂದು ಬಟ್ಟಲು ಮುಂದಿಟ್ಟಳು. ಸದಾ ಹಳಸಿದ ಊಟದ ವಾಸನೆಯಲ್ಲೇ ನಿಂತು ತಟ್ಟೆಯಕ್ಕನಿಗೆ ಊಟವೆಂದರೆ ವಾಕರಿಕೆ ಬರುವಂತಾಗಿತ್ತು. ಅವತ್ತು ಬಟ್ಟಲಿನ ತಳವನ್ನು ಬೆರಳಿನಿಂದ ಒರೆಸಿ ತಿಂದಳು. ಅಂದಿನಿಂದ ದಿನಾ ಹನ್ನೆರಡು ಗಂಟೆಗೆ ಒಂದು ಬಟ್ಟಲು ಸೂಪು ತೊಳೆಯುವ ಕೋಣೆಗೆ ಬರತೊಡಗಿತು.

ಬಟ್ಟೆಯಂಗಡಿ, ಚಪ್ಪಲಿಯಂಗಡಿಯ ಹುಡುಗಿಯರು "ಅಕ್ಕಾ, ಇವತ್ತು ಎಲ್ಲಿ ತಿನ್ನೋಣ?" ಎಂದು ಬಾಗಿಲಲ್ಲಿ ಇಣುಕುವರು. "ಕಂಬದ ಹಿಂದೆ ಹೋಗಿ. ಚೆನ್ನಾಗಿಲ್ದೇ ಇದ್ರೆ ಬಂದು ನನ್ ಕಿವಿ ಹಿಂಡಿ" ಎನ್ನುವಳು ಇವಳು. ಮೂರನೇ ಅಂಗಡಿಯ ಮೊಟ್ಟೆ, ಒಂಬತ್ತನೆಯದರ ಮೀನು, ಎಲ್ಲದರ ರುಚಿಯನ್ನೂ ಅವಳು ತಟ್ಟೆಯಿಂದಲೇ ಪತ್ತೆಹಚ್ಚಿದ್ದು. ಕಿವಿ ಹಿಂಡಲು ಒಬ್ಬರೂ ಬರಲಿಲ್ಲ. ಈ ಸುದ್ದಿ ಮಹಡಿಯ ಮ್ಯಾನೇಜರನವರೆಗೂ ಹೋಗಿ, ಅವನು ಒಂದು ದಿನ ನಗುತ್ತಾ ಕೇಳಿದಾಗ, "ಮನುಷ್ಯರು ಸುಳ್ಳು ಹೇಳಬಹುದು ಸಾರ್, ತಟ್ಟೆ ಹೇಳಲ್ಲ" ಎಂದು ಜಂಬ ಕೊಚ್ಚಿಕೊಂಡಳು. ಆ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು!

ಏಕೆಂದರೆ ಏಳನೇ ಅಂಗಡಿ, ನೀಲಿ ಗೆರೆಯದು, ಅವಳ ಒಡಹುಟ್ಟಿದ ತಮ್ಮನದು. ಅವ್ವ ಸತ್ತಾಗ ಅವನಿಗೆ ಆರು ವರ್ಷ. ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದ್ದು ಇವಳೇ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಸಾಕಿದವರಿಗೂ ಅಷ್ಟೇ. ಹನ್ನೊಂದು ವರ್ಷ ಕುಡಿದು, ಎರಡು ಸಲ ಆಸ್ಪತ್ರೆಯ ಬಾಗಿಲು ತಟ್ಟಿ, ಕೊನೆಗೆ ಡಾಕ್ಟರು "ಇನ್ನೊಂದು ಸಲ ಬಾಟಲಿ ಮುಟ್ಟಿದ್ರೆ ಇಲ್ಲಿಗೆ ಕರ್ಕೊಂಡು ಬರೋ ತೊಂದರೆ ತಗೋಬೇಡಿ" ಎಂದಮೇಲೆ ಅವನು ಬಿಟ್ಟಿದ್ದ. ಹದಿನಾಲ್ಕು ತಿಂಗಳಾಗಿತ್ತು. ಬೆಳಗ್ಗೆ ಎದ್ದು ಏಪ್ರನ್ ಕಟ್ಟಲು ಒಂದು ಅಂಗಡಿ ಇದೆ ಎಂಬುದೊಂದೇ ಅವನನ್ನು ನೆಟ್ಟಗೆ ನಿಲ್ಲಿಸಿತ್ತು. ಆದರೆ ಕುಡಿದು ಕುಡಿದು ನಾಲಗೆ ಸತ್ತುಹೋಗಿತ್ತು. ಉಪ್ಪು ಎಷ್ಟು ಸುರಿದರೂ ಅವನಿಗೆ ಸಪ್ಪೆಯೇ. ಅವನ ಅನ್ನ, ಹುರಿದ ಕೋಳಿ ಮುಕ್ಕಾಲುಪಾಲು ಹಾಗೇ ಹಿಂದಿರುಗುತ್ತಿದ್ದವು. ಅಕ್ಕ ಅದನ್ನು ಬೇಗಬೇಗ ಡಬ್ಬಕ್ಕೆ ತಳ್ಳುತ್ತಿದ್ದಳು. "ಹೆಂಗ್ ಬರ್ತಿದೆ ಅಕ್ಕಾ ನನ್ ತಟ್ಟೆ?" ಎಂದು ಅವನು ಕೇಳಿದರೆ "ಚೆನ್ನಾಗೇ ಬರ್ತಿದೆ ಕಣೋ" ಎನ್ನುತ್ತಿದ್ದಳು. ಇನ್ನೇನು ಹೇಳಿಯಾಳು?

ಒಂದು ಸೋಮವಾರ ಮ್ಯಾನೇಜರು ಕೋಣೆಗೇ ಬಂದ. ಮಕ್ಕಳ ಆಟಕ್ಕೆ ಜಾಗ ಬೇಕಂತೆ, ಒಂದು ಅಂಗಡಿ ತೆಗೆಯಬೇಕಂತೆ. ವ್ಯಾಪಾರ ಕಡಿಮೆ ಇರುವ ಅಂಗಡಿಗಳು ಎರಡೇ: ಏಳನೆಯದು ಮತ್ತು ಹನ್ನೆರಡನೆಯದು. ಏಳರ ರುಚಿ ಜನಕ್ಕೆ ಗೊತ್ತಾಗಿಬಿಟ್ಟಿತ್ತು, ಹನ್ನೆರಡರ ಇರವೇ ಹೊರಗಿನವರಿಗೆ ಗೊತ್ತಿರಲಿಲ್ಲ.

"ಏಳು ನಿಮ್ಮ ತಮ್ಮನದು ಅಂತ ನಂಗೊತ್ತು" ಎಂದ ಮ್ಯಾನೇಜರು. "ಅದಕ್ಕೇ ನಿಮ್ಮನ್ನ ಕೇಳಲ್ಲ. ನೀವೇ ಹೇಳಿದ್ರಲ್ಲ, ತಟ್ಟೆ ಸುಳ್ಳು ಹೇಳಲ್ಲ ಅಂತ. ಮೂರು ದಿನ ಮಧ್ಯಾಹ್ನ ಎರಡು ಗಂಟೆಗೆ ಬಂದು ನಾನೇ ನೋಡ್ತೀನಿ. ಎರಡೂ ಅಂಗಡಿ ತಟ್ಟೆ ತೊಳೀದೆ ಬೇರೆ ಬೇರೆ ಜೋಡಿಸಿಡಿ."

ಅವನು ಹೋದಮೇಲೆ ತಟ್ಟೆಯಕ್ಕ ತೊಟ್ಟಿಯ ಅಂಚು ಹಿಡಿದು ನಿಂತಳು. ಅಂಗಡಿ ಮುಚ್ಚಿದ ದಿನವೇ ತಮ್ಮ ಬಾಟಲಿ ಹುಡುಕಿಕೊಂಡು ಹೋಗುತ್ತಾನೆ, ಒಂದು ತಿಂಗಳಲ್ಲಿ ಹೆಣವಾಗುತ್ತಾನೆ. ಇದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೂಲೆಯವಳಿಗೆ ಗಂಡನಿದ್ದಾನೆ, ಮನೆಯಿದೆ, ಕೈಯಲ್ಲಿ ಅಡುಗೆಯಿದೆ, ಎಲ್ಲಿಟ್ಟರೂ ಬದುಕುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡಳು.

ಮರುದಿನ ಒಂದೂವರೆ ಗಂಟೆಗೆ ಬಾಗಿಲ ಚಿಲಕ ಹಾಕಿದಳು. ನೀಲಿ ಗೆರೆಯ ತಟ್ಟೆಗಳ ಕೋಳಿಯನ್ನೆಲ್ಲ ಡಬ್ಬಕ್ಕೆ ತಳ್ಳಿ, ಅನ್ನವನ್ನು ಕೆರೆದು ಕೆರೆದು ಹಳದಿ ಗೆರೆಯ ತಟ್ಟೆಗಳಿಗೆ ಹಾಕಿದಳು. ಅನ್ನ ಯಾರ ಒಲೆಯದಾದರೇನು, ನೋಡುವವನಿಗೆ ಅನ್ನವೇ. ಪಕ್ಕದಲ್ಲೇ, ಹನ್ನೆರಡು ಗಂಟೆಗೆ ಬಂದಿದ್ದ ಸೂಪಿನ ಬಟ್ಟಲು ಖಾಲಿಯಾಗಿ ಕೂತಿತ್ತು. ಉಂಡ ಮನೆಯ ಜಂತೆ ಎಣಿಸುವವರನ್ನು ಜನ ಬೈಯುತ್ತಾರೆ. ಇವಳು ಜಂತೆಯನ್ನೇ ಕಿತ್ತಳು. ನಾಚಿಕೆಯಾಗಲಿಲ್ಲವೇ? ಆಯಿತು. ಕಣ್ಣಲ್ಲಿ ನೀರೂ ಬಂತು. ಆದರೂ ಮೂರು ದಿನವೂ ಮಾಡಿದಳು, ಮೂರು ದಿನವೂ ಸೂಪನ್ನೂ ಕುಡಿದಳು. ಬೇಡ ಅಂದರೆ ಮೂಲೆಯವಳಿಗೆ ಅನುಮಾನ ಬರುತ್ತದಲ್ಲ!

ಮ್ಯಾನೇಜರು ಬಂದ, ನೋಡಿದ, ತಲೆಯಾಡಿಸಿದ. ಮೂರು ದಿನದಿಂದ ಜನ ನಿಮ್ಮ ಊಟ ತಟ್ಟೆಯಲ್ಲೇ ಬಿಟ್ಟುಹೋಗುತ್ತಿದ್ದಾರೆ ಎಂದು ಮೂಲೆಯವಳಿಗೆ ಹೇಳಿದ. ಶನಿವಾರ ಹನ್ನೆರಡನೇ ಅಂಗಡಿಯ ಬೋರ್ಡು ಇಳಿಯಿತು.

ಎರಡು ತಿಂಗಳಾಗಿರಬಹುದು. ತೊಳೆಯುವ ಕೋಣೆಗೆ ಇನ್ನೊಬ್ಬ ಆಳು ಬೇಕೆಂದಾಗ ಮ್ಯಾನೇಜರು ಕನಿಕರಪಟ್ಟು ಕರೆತಂದದ್ದು ಮೂಲೆಯವಳನ್ನೇ. ಅವಳು ಇಳಿದುಹೋಗಿದ್ದಳು. ತಟ್ಟೆಯಕ್ಕನನ್ನು ನೋಡಿ ಮುಖ ಅರಳಿಸಿ, "ಸದ್ಯ, ನೀನಿದ್ದೀಯಲ್ಲ ಅಕ್ಕಾ" ಎಂದಳು.

ಮೊದಲ ದಿನ ನೀಲಿ ತಟ್ಟೆಗಳನ್ನೆಲ್ಲ ತಟ್ಟೆಯಕ್ಕ ತನ್ನ ಕಡೆಗೇ ಎಳೆದುಕೊಂಡಳು. ಎರಡನೇ ದಿನ ರಜೆಯ ಗದ್ದಲ, ಗುಡ್ಡೆಗುಡ್ಡೆ ತಟ್ಟೆ, ಎಷ್ಟು ಎಳೆದಾಳು? ಮೂಲೆಯವಳ ಕೈಗೂ ಬಂದವು. ಒಂದು, ಎರಡು, ಹತ್ತು. ಅವಳು ಒಂದಗುಳು ಅನ್ನ ನಾಲಗೆಯ ಮೇಲಿಟ್ಟು ನೋಡಿ ಉಗಿದಳು.

ಅಷ್ಟರಲ್ಲೇ ತಮ್ಮ ಒಳಗೆ ಬಂದ. ಅಂಗಡಿ ಉಳಿದಮೇಲೆ ಅವನ ನಡಿಗೆಯೇ ಬದಲಾಗಿತ್ತು. ವ್ಯಾಪಾರ ಮೊದಲಿಗಿಂತ ಕಡಿಮೆ, ಗತ್ತು ಮಾತ್ರ ಹೆಚ್ಚು.

"ಓ, ನೀವಾ! ಬೇಜಾರ್ ಮಾಡ್ಕೋಬೇಡಿ ಅಕ್ಕಾ" ಎಂದ ಮೂಲೆಯವಳಿಗೆ. "ಅಡುಗೆ ಅಂದ್ರೆ ಧೈರ್ಯ ಬೇಕು. ನೀವು ಉಪ್ಪು ಹಾಕೋಕೆ ಹೆದರ್ತಿದ್ರಿ ಅನ್ಸುತ್ತೆ. ಜನ ರುಚಿ ನೋಡೇ ನೋಡ್ತಾರೆ. ನನ್ನತ್ರ ಬನ್ನಿ, ಬಿಡುವಿದ್ದಾಗ ಹೇಳ್ಕೊಡ್ತೀನಿ."

ನೀಲಿ ತಟ್ಟೆ ಮೂಲೆಯವಳ ಕೈಯಲ್ಲೇ ಇತ್ತು, ಅನ್ನದ ಸಮೇತ. ಅದನ್ನು ಅವನ ಮೂಗಿನಡಿ ಹಿಡಿದಿದ್ದರೆ ಸಾಕಿತ್ತು. ಮೂಲೆಯವಳು ತಟ್ಟೆಯಕ್ಕನ ಮುಖ ನೋಡಿದಳು, ತಟ್ಟೆಯನ್ನು ನೀರಿನೊಳಗೆ ಮುಳುಗಿಸಿದಳು.

"ಆಗ್ಲಪ್ಪಾ" ಎಂದಳು.

ಅವನು ಹೋದಮೇಲೆ ಮೂಲೆಯವಳು ನಲ್ಲಿ ನಿಲ್ಲಿಸಿ ಕೇಳಿದಳು.

"ಅಕ್ಕಾ, ಆ ಮೂರು ದಿನ ನನ್ನ ತಟ್ಟೇಲಿ ಏನು ಉಳಿದಿತ್ತು?"

"ಅನ್ನ."

"ಒಣಗಿತ್ತಾ, ಜಿಡ್ಡಿತ್ತಾ?"

ಇಂಥ ಪ್ರಶ್ನೆಯನ್ನು ಮ್ಯಾನೇಜರು ಏಳು ಜನ್ಮಕ್ಕೂ ಕೇಳುತ್ತಿರಲಿಲ್ಲ. ಬೆಣ್ಣೆ ಕಲಸಿದ ಕೈಗೆ ಮಾತ್ರ ಹೊಳೆಯುವ ಪ್ರಶ್ನೆ. ತಟ್ಟೆಯಕ್ಕನಿಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ಒಣಗಿತ್ತು" ಎಂದಳು. "ನಾನೇ ಹಾಕಿದ್ದು. ಅಂಗಡಿ ಹೋದ್ರೆ ಅವನು ಕುಡಿದು ಸಾಯ್ತಾನೆ ಕಣೇ. ನಿನ್ನ ತಟ್ಟೆ ಯಾವತ್ತೂ ಖಾಲಿನೇ ಬರ್ತಿತ್ತು. ಒಂದಗುಳೂ ಇರ್ತಿರ್ಲಿಲ್ಲ."

ಮೂಲೆಯವಳು ಬೈಯಲಿಲ್ಲ. ಒದ್ದೆ ಕೈಯಿಂದಲೇ ಬಾಯಿ ಮುಚ್ಚಿಕೊಂಡು ಅತ್ತಳು. ಅಂಗಡಿ ಹೋದದ್ದಕ್ಕೆ ಇವಳು ಇಷ್ಟು ಅಳುತ್ತಿದ್ದಾಳೆ ಎಂದು ತಟ್ಟೆಯಕ್ಕ ತಿಳಿದಳು. ಅದಲ್ಲ.

"ಎರಡು ತಿಂಗಳಿಂದ ಮನೇಲಿ ಒಲೆ ಹಚ್ಚಿಲ್ಲ ಅಕ್ಕಾ" ಎಂದಳು ಬಿಕ್ಕುತ್ತಾ. "ಸೌಟು ಹಿಡಿದ್ರೆ ಕೈ ನಡುಗುತ್ತೆ. ಜನ ಎಷ್ಟು ದಿನದಿಂದ ಎಸೀತಿದ್ರೋ, ನಂಗೇ ಗೊತ್ತಾಗ್ಲಿಲ್ವಲ್ಲ ಅಂತ. ಮನೆಯವರೂ ಅಂದ್ರು, ವಯಸ್ಸಾಯ್ತು, ನಿನ್ ಕೈ ಕೆಟ್ಟಿದೆ, ಬಿಟ್ಬಿಡು ಅಂತ. ದಿನಾ ಅಂಗಡಿಯಿಂದ ಏನೋ ತರಿಸ್ಕೊಂಡು ತಿಂತೀವಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಂಗೆ ಅಂಗಡಿ ಬೇಡ. ನಿನ್ ತಮ್ಮ ನೂರು ವರ್ಷ ಇಟ್ಕೊಳ್ಲಿ. ಒಂದ್ಸಲ ಮನೆಗೆ ಬಂದು ಅವರಿಗೆ ಹೇಳು, ನನ್ ಕೈ ಕೆಟ್ಟಿರಲಿಲ್ಲ ಅಂತ. ನಾನು ಹೇಳಿದ್ರೆ ನಂಬಲ್ಲ. ನೀನು ಹೇಳಿದ್ರೆ ನಂಬ್ತಾರೆ."

ಇಷ್ಟೇ ಅವಳು ಕೇಳಿದ್ದು. ತಟ್ಟೆಯಕ್ಕ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಕೇಳಿದಳು.

"ನಿಮ್ಮನೆಯವರು ಮ್ಯಾನೇಜರ ಹತ್ರ ಹೋದ್ರೆ?"

ಮೂಲೆಯವಳು ಯೋಚಿಸಿದಳು. ಹೋಗಲ್ಲ ಎಂದು ಒಂದು ಸುಳ್ಳು ಹೇಳಬಹುದಿತ್ತು, ಪಾಪ, ಅದು ಅವಳಿಗೆ ಬಾರದು. "ಹೋಗಲ್ಲ ಅಂತ ಹೇಳೋಕಾಗಲ್ಲ" ಎಂದಳು.

"ಹಾಗಿದ್ರೆ ನಾನು ಬರಲ್ಲ" ಎಂದಳು ತಟ್ಟೆಯಕ್ಕ.

ಹೊರಗಿನಿಂದ ಯಾರೋ ಇನ್ನೊಂದು ಗಾಡಿ ತುಂಬ ತಟ್ಟೆ ತಳ್ಳಿಕೊಂಡು ಬಂದರು. ಮೂಲೆಯವಳು ಮೂಗು ಸೀನಿ, ಕೈ ತೊಳೆದುಕೊಂಡು, ಮೇಲಿನ ನೀಲಿ ತಟ್ಟೆಯನ್ನು ಎತ್ತಿಕೊಂಡಳು. ತಟ್ಟೆಯಕ್ಕ ಅದನ್ನು ಇಸಿದುಕೊಳ್ಳಲು ಕೈ ಚಾಚಿದರೆ ಅವಳು ಕೊಡಲಿಲ್ಲ. ಅವತ್ತು ಏಳನೇ ಅಂಗಡಿಯ ತಟ್ಟೆಗಳನ್ನೆಲ್ಲ, ಉಳಿದ ಅನ್ನವನ್ನು ಕಣ್ಣಾರೆ ನೋಡುತ್ತಾ, ಅವಳೇ ಕೆರೆದಳು.